‘ಸಬ್‌ಮಿಟ್’ ಒತ್ತಿದ ಮೇಲೆ: ಮಾಹಿತಿಯನ್ನು ಅನುಮಾನಿಸಿ, ತುಂಬಿದವರನ್ನಲ್ಲ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತು ನಾವು ಮಾತಾಡ್ತಿರೋದು ಒಂದು ಸಣ್ಣ ಬಟನ್ ಬಗ್ಗೆ. ‘ಸಬ್‌ಮಿಟ್’ ಬಟನ್. ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಶುಲ್ಕ, ರೈಲು ಟಿಕೆಟ್, ಕೊನೆಗೆ ಮದುವೆ ಮಂಟಪದ ಬುಕಿಂಗ್ ಕೂಡ ಈಗ ಈ ಬಟನ್ ದಾಟಿಯೇ ಹೋಗಬೇಕು. ಒತ್ತಿದ ಮೇಲೆ ಒಂದು ಚಕ್ರ ತಿರುಗುತ್ತೆ. ಆಮೇಲೆ ‘ಯಶಸ್ವಿಯಾಗಿದೆ’ ಅಂತ ಬರುತ್ತೆ, ಇಲ್ಲಾ ಕೆಂಪು ಅಕ್ಷರದಲ್ಲಿ ಏನೋ ಬೈಗುಳ ಬರುತ್ತೆ. ಆ ಎರಡು ಮೂರು ಸೆಕೆಂಡಿನಲ್ಲಿ ಆ ಕಡೆ ಏನು ನಡೀತು ಅನ್ನೋದೇ ಇವತ್ತಿನ ವಿಷಯ.

ಇದು ಇಂಜಿನಿಯರಿಂಗ್ ಓದೋ ಮಕ್ಕಳಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಸ್ವಂತ ಅಂಗಡಿಗೋ ಸಂಘಕ್ಕೋ ವೆಬ್‌ಸೈಟ್ ಮಾಡಿಸ್ತಿರೋರಿಗೆ ಹೆಚ್ಚು ಉಪಯೋಗ. ಆದರೆ ಕೋಡ್ ಬರೆಯದವರೂ ಕೇಳಿ. ಯಾಕಂದ್ರೆ ಆ ಫಾರ್ಮಿನಲ್ಲಿ ಹೋಗ್ತಿರೋದು ನಿಮ್ಮ ಹೆಸರು, ನಿಮ್ಮ ಫೋನ್ ನಂಬರು, ನಿಮ್ಮ ಬ್ಯಾಂಕ್ ಖಾತೆ.

ಇಡೀ ಸಂಚಿಕೆಯ ಸಾರವನ್ನು ಮೊದಲೇ ಹೇಳಿಬಿಡ್ತೀನಿ. ಸರ್ವರ್‌ನಲ್ಲಿ ಕೂತ ಪ್ರೋಗ್ರಾಂಗೆ ಎರಡು ಧರ್ಮ ಇದೆ. ಒಂದು, ಬಂದ ಮಾಹಿತಿಯನ್ನು ಸುಮ್ಮನೆ ನಂಬಬಾರದು. ಎರಡು, ಆ ಮಾಹಿತಿ ಕೊಟ್ಟ ಮನುಷ್ಯರಿಗೆ ತೊಂದರೆ ಕೊಡಬಾರದು. ಈ ಎರಡೂ ಒಂದಕ್ಕೊಂದು ವಿರುದ್ಧ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅಲ್ಲ. ಒಂದನ್ನು ಸರಿಯಾಗಿ ಮಾಡಿದರೆ ಇನ್ನೊಂದು ತಾನಾಗಿಯೇ ಸುಲಭ ಆಗುತ್ತೆ. ಹೇಗೆ ಅಂತ ನೋಡೋಣ.

ತಂತಿಯ ಮೇಲೆ ಹೋಗೋದು ಬರೀ ಅಕ್ಷರ

ನೀವು ಫಾರ್ಮ್ ತುಂಬಿ ಕಳಿಸಿದಾಗ ಬ್ರೌಸರ್ ಅದನ್ನ ಜೋಡಿ ಜೋಡಿಯಾಗಿ ಕಟ್ಟುತ್ತೆ. ಎಡಗಡೆ ಖಾನೆಯ ಹೆಸರು, ಮಧ್ಯದಲ್ಲಿ ಸಮ ಚಿಹ್ನೆ, ಬಲಗಡೆ ನೀವು ಬರೆದದ್ದು. ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ ‘&’ ಚಿಹ್ನೆ. ಖಾಲಿ ಜಾಗ ಇದ್ದರೆ ಅದು ಪ್ಲಸ್ ಚಿಹ್ನೆ ಆಗುತ್ತೆ. ಕನ್ನಡದ ‘ಕ’ ಬರೆದಿದ್ದರೆ ಅದು ‘ಪರ್ಸೆಂಟ್ ಇ0, ಪರ್ಸೆಂಟ್ ಬಿ2, ಪರ್ಸೆಂಟ್ 95’ ಅಂತ ಮೂರು ತುಂಡಾಗಿ ಹೋಗುತ್ತೆ. ಯಾಕಂದ್ರೆ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹೋಗೋದೆಲ್ಲ ಬರೀ ಅಕ್ಷರದ ಸಾಲು. ವಯಸ್ಸು ಅಂತ ನೀವು 25 ಹಾಕಿದರೆ ಅದು ಸಂಖ್ಯೆಯಾಗಿ ಹೋಗಲ್ಲ, ‘2’ ಮತ್ತು ‘5’ ಅನ್ನೋ ಎರಡು ಅಕ್ಷರವಾಗಿ ಹೋಗುತ್ತೆ. ಹುಟ್ಟಿದ ದಿನಾಂಕವೂ ಅಕ್ಷರವೇ. ಅದು ನಿಜಕ್ಕೂ ಸಂಖ್ಯೆಯೋ, ನಿಜಕ್ಕೂ ದಿನಾಂಕವೋ ಅಂತ ತೀರ್ಮಾನ ಮಾಡೋದು ಸರ್ವರ್‌ನ ಕೆಲಸ.

ಕಳಿಸೋಕೆ ಮುಖ್ಯವಾಗಿ ಎರಡು ದಾರಿ: ಗೆಟ್ ಮತ್ತು ಪೋಸ್ಟ್. ಗೆಟ್ ಅಂದ್ರೆ ಮಾಹಿತಿಯೆಲ್ಲ ವಿಳಾಸದ ಪಟ್ಟಿಯಲ್ಲೇ, ಪ್ರಶ್ನೆ ಚಿಹ್ನೆಯ ಮುಂದೆ ಕಾಣಿಸುತ್ತೆ. ಹುಡುಕಾಟಕ್ಕೆ ಅದು ಸರಿ. ಆದರೆ ಆ ವಿಳಾಸ ಬ್ರೌಸರ್‌ನ ಹಿಸ್ಟರಿಯಲ್ಲಿ ಉಳಿಯುತ್ತೆ, ಸರ್ವರ್‌ನ ಲಾಗ್‌ನಲ್ಲಿ ಉಳಿಯುತ್ತೆ. ಸೈಬರ್ ಸೆಂಟರ್‌ನಲ್ಲಿ ಕೂತು ತುಂಬಿದ್ದರೆ ಮುಂದೆ ಬಂದು ಕೂತವರಿಗೂ ಸಿಗಬಹುದು. ಪಾಸ್‌ವರ್ಡ್, ಖಾತೆ ನಂಬರ್ ಇರೋ ಫಾರ್ಮ್ ಪೋಸ್ಟ್‌ನಲ್ಲೇ ಹೋಗಬೇಕು. ಹಾಗಂತ ಪೋಸ್ಟ್ ಅಂದ್ರೆ ಗುಟ್ಟು ಅಂತಲ್ಲ. ಅದು ಮಾಹಿತಿಯನ್ನ ಲಕೋಟೆಯ ಒಳಗಡೆ ಹಾಕುತ್ತೆ, ಅಷ್ಟೇ. ದಾರಿಯಲ್ಲಿ ಯಾರೂ ಓದದ ಹಾಗೆ ಲಕೋಟೆಗೆ ಅಂಟು ಹಾಕೋದು ಎಚ್‌ಟಿಟಿಪಿಎಸ್.

ಸುಲಭ ಮಾಡೋಕೆ ಹೋಗಿ ಬಾಗಿಲು ತೆರೆದಿಟ್ಟ ಕಥೆ

ಸ್ವಲ್ಪ ಇತಿಹಾಸ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಸಿಜಿಐ ಅನ್ನೋ ಪದ್ಧತಿ ರೂಪುಗೊಳ್ತು. ಅಲ್ಲಿಯವರೆಗೆ ವೆಬ್ ಸರ್ವರ್‌ನ ಮುಖ್ಯ ಕೆಲಸ ಇದ್ದ ಕಡತವನ್ನ ತೆಗೆದು ಕೊಡೋದು. ಸಿಜಿಐ ಬಂದ ಮೇಲೆ, ಫಾರ್ಮಿನಲ್ಲಿ ಬಂದದ್ದನ್ನ ಬೇರೆ ಪ್ರೋಗ್ರಾಂ ಕೈಗೆ ಕೊಟ್ಟು ಅದರ ಉತ್ತರವನ್ನ ವಾಪಸ್ ಕಳಿಸೋಕೆ ಎಲ್ಲರೂ ಒಪ್ಪಿದ ದಾರಿ ಸಿಕ್ತು. ಆ ಪ್ರೋಗ್ರಾಂಗಳನ್ನ ಬಹಳಷ್ಟು ಜನ ಪರ್ಲ್ ಭಾಷೆಯಲ್ಲಿ ಬರೀತಿದ್ದರು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕೆ ಮಾಡಿಕೊಂಡಿದ್ದ ಸಲಕರಣೆಗಳನ್ನ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಪಿಎಚ್‌ಪಿ. ಅದರ ಆರಂಭದ ಒಂದು ಆವೃತ್ತಿಯ ಹೆಸರು ಪಿಎಚ್‌ಪಿ-ಎಫ್‌ಐ. ಎಫ್‌ಐ ಅಂದ್ರೆ ಫಾರ್ಮ್ಸ್ ಇಂಟರ್‌ಪ್ರಿಟರ್. ಹೆಸರಲ್ಲೇ ಫಾರ್ಮ್ ಇತ್ತು ನೋಡಿ.

ಪಿಎಚ್‌ಪಿ ಜನಪ್ರಿಯ ಆಗೋಕೆ ಒಂದು ಕಾರಣ ಅದರ ಸಲೀಸು. ಫಾರ್ಮಿನಲ್ಲಿ ‘ಹೆಸರು’ ಅಂತ ಒಂದು ಖಾನೆ ಇದ್ದರೆ, ಪ್ರೋಗ್ರಾಂನಲ್ಲಿ ‘ಹೆಸರು’ ಅನ್ನೋ ವೇರಿಯೇಬಲ್ ತಾನಾಗಿಯೇ ಹುಟ್ಟಿಕೊಳ್ತಿತ್ತು. ಏನೂ ಬರೆಯಬೇಕಿರಲಿಲ್ಲ. ಈ ಸೌಕರ್ಯಕ್ಕೆ ರಿಜಿಸ್ಟರ್ ಗ್ಲೋಬಲ್ಸ್ ಅಂತ ಹೆಸರು.

ಈಗ ಒಂದು ಪ್ರೋಗ್ರಾಂ ಊಹಿಸಿಕೊಳ್ಳಿ. ‘ಪಾಸ್‌ವರ್ಡ್ ಸರಿ ಇದ್ದರೆ ಅಧಿಕಾರಿ ಅನ್ನೋ ವೇರಿಯೇಬಲ್‌ಗೆ 1 ಹಾಕು. ಮುಂದೆ, ಅಧಿಕಾರಿ 1 ಆಗಿದ್ದರೆ ಕಡತ ತೋರಿಸು.’ ಕೇಳೋಕೆ ಸರಿಯಾಗಿದೆ ಅಲ್ವಾ? ಆದರೆ ಯಾರೋ ಒಬ್ಬ ಪಾಸ್‌ವರ್ಡ್ ಗೊಡವೆಗೇ ಹೋಗದೆ, ವಿಳಾಸದ ಕೊನೆಗೆ ‘ಅಧಿಕಾರಿ ಸಮ 1’ ಅಂತ ಸೇರಿಸಿ ಕಳಿಸ್ತಾನೆ. ಆ ವೇರಿಯೇಬಲ್ ತಾನಾಗಿಯೇ ಹುಟ್ಟುತ್ತೆ. ಬಾಗಿಲು ತೆರೆಯುತ್ತೆ. 2002ರಲ್ಲಿ ಬಂದ ಪಿಎಚ್‌ಪಿ 4.2.0 ಆವೃತ್ತಿಯಲ್ಲಿ ಈ ಸೌಕರ್ಯವನ್ನ ಮೊದಲಿಗೇ ಆಫ್ ಮಾಡಿ ಕೊಟ್ಟರು. ಪೂರ್ತಿ ತೆಗೆದುಹಾಕಿದ್ದು 2012ರಲ್ಲಿ, 5.4 ಆವೃತ್ತಿಯಲ್ಲಿ. ಅಭ್ಯಾಸ ಬಿಡೋಕೆ 10 ವರ್ಷ ಬೇಕಾಯ್ತು. ಈಗ ಫಾರ್ಮಿನಿಂದ ಬಂದದ್ದು ಒಂದು ಪ್ರತ್ಯೇಕ ಪೆಟ್ಟಿಗೆಯಲ್ಲಿ, ಡಾಲರ್ ಅಂಡರ್‌ಸ್ಕೋರ್ ಪೋಸ್ಟ್ ಅನ್ನೋ ಹೆಸರಲ್ಲಿ ಇರುತ್ತೆ. ‘ಇದು ಹೊರಗಿಂದ ಬಂದದ್ದು’ ಅನ್ನೋದು ಕೋಡ್ ಓದುವಾಗಲೇ ಕಣ್ಣಿಗೆ ಕಾಣುತ್ತೆ.

ಬಿಲ್ಲನ್ನ ಗ್ರಾಹಕರೇ ಬರೆದು ತಂದರೆ

ಹೊಸಬರು ಸಾಮಾನ್ಯವಾಗಿ ಹೀಗೆ ಯೋಚನೆ ಮಾಡ್ತಾರೆ: ‘ನನ್ನ ಫಾರ್ಮಿನಲ್ಲಿ ಜಿಲ್ಲೆಯ ಹೆಸರಿಗೆ ಡ್ರಾಪ್‌ಡೌನ್ ಇಟ್ಟಿದ್ದೀನಿ. ಕರ್ನಾಟಕದ 31 ಜಿಲ್ಲೆಗಳ ಹೆಸರು ಬಿಟ್ಟು ಬೇರೇನೂ ಬರೋಕೆ ಸಾಧ್ಯವೇ ಇಲ್ಲ.’ ಇದು ತಪ್ಪು. ಸರ್ವರ್‌ಗೆ ಬರೋ ಮಾಹಿತಿ ನಿಮ್ಮ ಫಾರ್ಮಿನಿಂದಲೇ ಬರಬೇಕು ಅಂತ ಏನೂ ಇಲ್ಲ. ಬ್ರೌಸರ್ ಕೂಡ ಬೇಕಿಲ್ಲ. ಕಮಾಂಡ್ ಬರೆದು, ಇಲ್ಲಾ ಒಂದು ಸಣ್ಣ ಸ್ಕ್ರಿಪ್ಟ್‌ನಿಂದ, ಯಾವ ಖಾನೆಗೆ ಏನು ಬೇಕಾದರೂ ತುಂಬಿ ಕಳಿಸಬಹುದು. 31ರ ಬದಲು ಯಾರೂ ಕೇಳದ 32ನೇ ಜಿಲ್ಲೆ ಬರಬಹುದು.

ಹಾಗಾದ್ರೆ ಪುಟದಲ್ಲೇ ಜಾವಾಸ್ಕ್ರಿಪ್ಟ್‌ನಿಂದ ಮಾಡೋ ತಪಾಸಣೆ, ‘ಇದು ಕಡ್ಡಾಯ’ ಅನ್ನೋ ನಕ್ಷತ್ರ, ಗರಿಷ್ಠ ಉದ್ದದ ಮಿತಿ, ಇವೆಲ್ಲ ಯಾಕೆ? ಅವು ತುಂಬುವವರ ಅನುಕೂಲಕ್ಕೆ. ಕಳಿಸೋ ಮುಂಚೆಯೇ ತಪ್ಪು ಗೊತ್ತಾಗಲಿ ಅಂತ. ರಕ್ಷಣೆಯ ತಪಾಸಣೆ ಸರ್ವರ್‌ನಲ್ಲೇ ಆಗಬೇಕು, ಮೊದಲಿಂದ ಪೂರ್ತಿಯಾಗಿ.

ಹಳೇ ಕಾಲದ ಕೆಲವು ಆನ್‌ಲೈನ್ ಅಂಗಡಿಗಳಲ್ಲಿ ವಸ್ತುವಿನ ಬೆಲೆಯನ್ನ ಫಾರ್ಮಿನ ಅಡಗಿದ ಖಾನೆಯಲ್ಲಿ ಇಡ್ತಿದ್ದರು. ಕಣ್ಣಿಗೆ ಕಾಣಲ್ಲ ಅನ್ನೋ ಧೈರ್ಯ. ಪುಟವನ್ನ ಸೇವ್ ಮಾಡಿ, 5000 ಇದ್ದದ್ದನ್ನ 5 ಮಾಡಿ ಕಳಿಸಿದರೆ ಮುಗೀತು. ಇದು ಹೇಗೆ ಅಂದ್ರೆ, ಹೋಟೆಲಿನಲ್ಲಿ ಊಟ ಮಾಡಿದವರೇ ಬಿಲ್ ಬರೆದು ತಂದು ಗಲ್ಲದಲ್ಲಿ ಕೊಟ್ಟ ಹಾಗೆ. ಏನು ತಿಂದಿರಿ ಅಂತ ಗ್ರಾಹಕರು ಹೇಳಲಿ, ರೇಟು ಮಾತ್ರ ನಿಮ್ಮ ಪಟ್ಟಿಯಿಂದಲೇ ಬರಬೇಕು.

ಇದೇ ಜಾತಿಯ ಇನ್ನೊಂದು ತೊಂದರೆ ಅರ್ಜಿಯ ಸಂಖ್ಯೆ. ನಿಮ್ಮ ಅರ್ಜಿ 1041. ವಿಳಾಸದಲ್ಲಿ ಅದನ್ನ 1042 ಮಾಡಿದರೆ ಪಕ್ಕದವರ ಅರ್ಜಿ ತೆರೆದುಕೊಳ್ಳುತ್ತೆ ಅಂದ್ರೆ, ಆ ಪ್ರೋಗ್ರಾಂ ‘ಇಂಥ ಅರ್ಜಿ ಇದೆಯಾ’ ಅಂತ ಮಾತ್ರ ನೋಡ್ತು, ‘ಇದು ಕೇಳ್ತಿರೋರದ್ದೇನಾ’ ಅಂತ ನೋಡಲಿಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಅನ್ನೋ ಕಂಪನಿಯ ಸುದ್ದಿ ಬಂತು. ಮನೆ, ಜಮೀನು ವ್ಯವಹಾರದ ಸುಮಾರು 88.5 ಕೋಟಿ ದಾಖಲೆಗಳು ಹೀಗೆ ವಿಳಾಸದ ಅಂಕಿ ಬದಲಾಯಿಸಿದರೆ ಸಿಗೋ ಸ್ಥಿತಿಯಲ್ಲಿದ್ದವು. ಪಾಸ್‌ವರ್ಡ್ ಮುರಿಯೋ ಕೆಲಸವೇ ಇರಲಿಲ್ಲ. ಎಣಿಸೋಕೆ ಬಂದರೆ ಸಾಕಿತ್ತು.

ಹೆಸರಿನ ಖಾನೆಯಲ್ಲಿ ಬಂದ ಆಜ್ಞೆ

ಈಗ ಎಲ್ಲರೂ ಕೇಳಿರೋ ಹೆಸರಿಗೆ ಬರೋಣ, ಎಸ್‌ಕ್ಯೂಎಲ್ ಇಂಜೆಕ್ಷನ್. ಒಂದು ಕಚೇರಿ ಇದೆ ಅಂದುಕೊಳ್ಳಿ. ಕಡತದ ಕೋಣೆಯಲ್ಲಿ ಒಬ್ಬ ಗುಮಾಸ್ತ. ಬಹಳ ನಿಯತ್ತಿನವನು, ಚೀಟಿಯಲ್ಲಿ ಬರೆದದ್ದನ್ನ ಅಕ್ಷರಶಃ ಮಾಡ್ತಾನೆ, ಯೋಚನೆ ಮಾಡಲ್ಲ. ಕೌಂಟರ್‌ನಲ್ಲಿ ಒಂದು ಅಚ್ಚಾದ ಚೀಟಿ ಇದೆ: ‘ಡ್ಯಾಶ್ ಡ್ಯಾಶ್ ಅವರ ಕಡತ ತಗೊಂಡು ಬಾ.’ ಜನ ಡ್ಯಾಶ್ ಜಾಗದಲ್ಲಿ ತಮ್ಮ ಹೆಸರು ಬರೀತಾರೆ. ಒಬ್ಬ ಬಂದು ಬರೀತಾನೆ: ‘ದಿವಾಕರ ಅವರ ಕಡತ ತಗೊಂಡು ಬಾ. ಆಮೇಲೆ ಉಳಿದವರ ಕಡತವನ್ನೂ ತಗೊಂಡು ಬಾ. ಆಮೇಲೆ ಸಾವಿತ್ರಿ’. ಗುಮಾಸ್ತನಿಗೆ ಹೆಸರು ಎಲ್ಲಿ ಮುಗೀತು, ಆಜ್ಞೆ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ಎಲ್ಲವನ್ನೂ ಹೊತ್ತು ತರ್ತಾನೆ.

ಡೇಟಾಬೇಸ್‌ನಲ್ಲಿ ಹೆಸರು ಎಲ್ಲಿ ಮುಗೀತು ಅಂತ ಹೇಳೋದು ಒಂಟಿ ಉದ್ಧರಣ ಚಿಹ್ನೆ. ಪ್ರೋಗ್ರಾಂ ಬರೆಯೋರು ಫಾರ್ಮಿನಿಂದ ಬಂದ ಹೆಸರನ್ನ ಹಾಗೇ ಎಸ್‌ಕ್ಯೂಎಲ್ ವಾಕ್ಯದ ನಡುವೆ ಅಂಟಿಸಿದರೆ, ಬಂದವನು ಆ ಚಿಹ್ನೆ ಹಾಕಿ ಹೆಸರನ್ನ ಮುಗಿಸಿ, ಮುಂದೆ ತನ್ನದೇ ಆಜ್ಞೆ ಬರೀಬಹುದು. ಇದು ಹೊಸ ವಿಷಯ ಅಲ್ಲ. 1998ರ ಡಿಸೆಂಬರ್‌ನಲ್ಲೇ ಫ್ರ್ಯಾಕ್ ಅನ್ನೋ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಲ್, ‘ರೇನ್ ಫಾರೆಸ್ಟ್ ಪಪ್ಪಿ’ ಅನ್ನೋ ಗುಪ್ತನಾಮದಲ್ಲಿ ಇದನ್ನ ಬರೆದಿದ್ದರು.

ಅದಾಗಿ 17 ವರ್ಷದ ಮೇಲೆ, 2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಅನ್ನೋ ದೂರಸಂಪರ್ಕ ಕಂಪನಿಯ 1,56,959 ಗ್ರಾಹಕರ ವಿವರ ಹೀಗೇ ಹೋಯ್ತು. ಅವರಲ್ಲಿ 15,656 ಜನರ ಬ್ಯಾಂಕ್ ಖಾತೆ ವಿವರವೂ ಇತ್ತು. ಟಾಕ್‌ಟಾಕ್ 2009ರಲ್ಲಿ ಇನ್ನೊಂದು ಕಂಪನಿಯ ಬ್ರಿಟನ್ ವ್ಯವಹಾರವನ್ನ ಕೊಂಡುಕೊಂಡಾಗ ಜೊತೆಗೆ ಬಂದಿದ್ದ ಹಳೇ ಪುಟಗಳು ಅವು. ಅಂಥ ಪುಟ ಇನ್ನೂ ಬದುಕಿದೆ ಅನ್ನೋದನ್ನೇ ಕಂಪನಿ ಗಮನಿಸಿರಲಿಲ್ಲ. ಮುಂದಿನ ವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 4 ಲಕ್ಷ ಪೌಂಡ್ ದಂಡ ಹಾಕ್ತು. 2023ರಲ್ಲಿ ಮೂವ್‌ಇಟ್ ಅನ್ನೋ ಕಡತ ವರ್ಗಾವಣೆ ಸಾಫ್ಟ್‌ವೇರ್‌ನಲ್ಲೂ ಇದೇ ಜಾತಿಯ ದೋಷ ಸಿಕ್ಕಿತು. ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿಗೆ ಅದರ ಬಿಸಿ ತಟ್ಟಿತು.

ಬೇಸರದ ವಿಷಯ ಏನು ಗೊತ್ತಾ? ಇದಕ್ಕೆ ಔಷಧಿ ಬಹಳ ಹಿಂದೆಯೇ ಇದೆ, ಮತ್ತು ಅದು ಕಷ್ಟದ್ದಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅಂತಾರೆ. ನಮ್ಮ ಗುಮಾಸ್ತನ ಭಾಷೆಯಲ್ಲಿ ಹೇಳೋದಾದರೆ, ಆಜ್ಞೆಯ ಚೀಟಿಯನ್ನ ಮೊದಲೇ ಕೊಟ್ಟುಬಿಡಿ: ‘ಈ ಡಬ್ಬಿಯಲ್ಲಿ ಒಂದು ಹೆಸರು ಬರುತ್ತೆ, ಅವರ ಕಡತ ತಾ.’ ಹೆಸರನ್ನ ಆಮೇಲೆ ಬೇರೆ ಡಬ್ಬಿಯಲ್ಲಿ ಕಳಿಸಿ. ಡಬ್ಬಿಯಲ್ಲಿ ಏನೇ ಬರೆದಿರಲಿ, ಅವನು ಅದನ್ನ ಹೆಸರು ಅಂತಲೇ ಓದ್ತಾನೆ, ಆಜ್ಞೆ ಅಂತ ಓದಲ್ಲ. ಪಿಎಚ್‌ಪಿಯಲ್ಲಿ ಪಿಡಿಒ ಬಳಸಿ, ಪೈಥಾನ್, ಜಾವಾ, ನೋಡ್ ಯಾವುದರಲ್ಲೇ ಇರಿ, ಈ ಸೌಲಭ್ಯ ಇದ್ದೇ ಇದೆ. ಒಂದೆರಡು ಸಾಲು ಹೆಚ್ಚಾಗಬಹುದು, ಅಷ್ಟೇ.

ಡಿ’ಸೋಜ ಅವರು ಮಾಡಿದ ತಪ್ಪೇನು?

ಈಗ ನಾನು ಮೊದಲೇ ಹೇಳಿದ ಎರಡನೇ ಧರ್ಮಕ್ಕೆ ಬರ್ತೀನಿ. ಒಂಟಿ ಉದ್ಧರಣ ಚಿಹ್ನೆಯಿಂದ ತೊಂದರೆ ಅಂತ ಗೊತ್ತಾದ ಕೂಡಲೇ ಕೆಲವರು ಸುಲಭದ ದಾರಿ ಹಿಡಿದರು: ಆ ಚಿಹ್ನೆಯನ್ನೇ ನಿಷೇಧಿಸಿಬಿಡೋಣ. ‘ಹೆಸರಿನಲ್ಲಿ ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ.’ ಈ ಕೆಂಪು ಸಾಲನ್ನ ನೀವೂ ನೋಡಿರ್ತೀರಿ.

ಮಂಗಳೂರು, ಉಡುಪಿ ಕಡೆಯವರನ್ನ ಕೇಳಿ. ಡಿ’ಸೋಜ, ಡಿ’ಸಿಲ್ವ, ಡಿ’ಅಲ್ಮೇಡ. ಇಂಗ್ಲಿಷ್‌ನಲ್ಲಿ ಬರೆಯುವಾಗ ಆ ಚಿಹ್ನೆ ಅವರ ಹೆಸರಿನ ಭಾಗ. ಫಾರ್ಮ್ ಒಪ್ಪದೇ ಇದ್ದರೆ ಅವರು ಚಿಹ್ನೆ ತೆಗೆದು ಬರೀತಾರೆ. ಇನ್ನೊಂದು ಫಾರ್ಮಿನಲ್ಲಿ ಖಾಲಿ ಜಾಗ ಬಿಟ್ಟು ಬರೀತಾರೆ. ಆಮೇಲೆ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಒಂದು ಹೆಸರು. ‘ಹೆಸರು ಹೊಂದಾಣಿಕೆ ಆಗ್ತಿಲ್ಲ, ಅಫಿಡವಿಟ್ ತನ್ನಿ’ ಅಂತಾರೆ. ಪ್ರೋಗ್ರಾಂ ಬರೆದವರು ಎರಡು ಸಾಲು ಉಳಿಸಿಕೊಂಡರು, ತುಂಬಿದವರು ನೋಟರಿ ಹತ್ತಿರ ಅಲೆದರು.

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದ್ದರೆ ಈ ನಿಷೇಧದ ಅಗತ್ಯವೇ ಇರಲಿಲ್ಲ ನೋಡಿ. ಚಿಹ್ನೆ ಡಬ್ಬಿಯೊಳಗೆ ಸುಮ್ಮನೆ ಕೂತಿರ್ತಿತ್ತು. ಅಂದ್ರೆ, ಯಾವ ಕೋಡ್ ಕಳ್ಳನನ್ನ ಸರಿಯಾಗಿ ತಡೀತದೋ ಅದೇ ಕೋಡ್ ಡಿ’ಸೋಜ ಅವರನ್ನ ಅವರ ಹೆಸರಿನಿಂದಲೇ ಕರೆಯುತ್ತೆ. ಜನರ ಹೆಸರನ್ನ ಕತ್ತರಿಸೋ ಕೋಡ್ ಸಾಮಾನ್ಯವಾಗಿ ಕಳ್ಳನನ್ನೂ ತಡೆಯಲ್ಲ.

ಪಿಎಚ್‌ಪಿಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ಮ್ಯಾಜಿಕ್ ಕೋಟ್ಸ್ ಅನ್ನೋ ಸೌಕರ್ಯ ಬಂದ ಎಲ್ಲ ಮಾಹಿತಿಯಲ್ಲೂ ಉದ್ಧರಣ ಚಿಹ್ನೆಯ ಮುಂದೆ ತಾನಾಗಿಯೇ ಒಂದು ಓರೆಗೆರೆ ಸೇರಿಸ್ತಿತ್ತು. ಆ ಓರೆಗೆರೆ ಡೇಟಾಬೇಸ್ ಒಳಗೂ ಹೋಗ್ತಿತ್ತು, ಇಮೇಲ್‌ನಲ್ಲೂ ಕಾಣಿಸ್ತಿತ್ತು. ರಕ್ಷಣೆಯೂ ಪೂರ್ತಿ ಇಲ್ಲ, ಹೆಸರೂ ಹಾಳು. 2012ರ ಅದೇ 5.4 ಆವೃತ್ತಿಯಲ್ಲಿ ಅದನ್ನೂ ತೆಗೆದರು.

ಇದರಿಂದ ಕಲಿಯಬೇಕಾದ ನಿಯಮ ಸರಳ: ಬಂದಾಗ ತಪಾಸಣೆ ಮಾಡಿ, ಇದ್ದ ಹಾಗೇ ಇಟ್ಟುಕೊಳ್ಳಿ, ಹೊರಗೆ ಕೊಡುವಾಗ ಆ ಜಾಗಕ್ಕೆ ತಕ್ಕ ಹಾಗೆ ಕಟ್ಟಿಕೊಡಿ. ಡೇಟಾಬೇಸ್‌ಗೆ ಹೋಗುವಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಪುಟದಲ್ಲಿ ತೋರಿಸುವಾಗ ಎಚ್‌ಟಿಎಮ್‌ಎಲ್‌ಗೆ ತಕ್ಕ ರೂಪ.

ಈ ಕೊನೆಯದು ಯಾಕೆ ಬೇಕು ಅಂದ್ರೆ, 2005ರ ಅಕ್ಟೋಬರ್‌ನಲ್ಲಿ ಸ್ಯಾಮಿ ಕಾಮ್‌ಕಾರ್ ಅನ್ನೋ 19 ವರ್ಷದ ಹುಡುಗ ಮೈಸ್ಪೇಸ್ ಜಾಲತಾಣದ ತನ್ನ ಪರಿಚಯದ ಖಾನೆಯಲ್ಲಿ ಒಂದು ತುಂಡು ಸ್ಕ್ರಿಪ್ಟ್ ಬರೆದಿಟ್ಟ. ಆ ಪುಟ ನೋಡಿದವರೆಲ್ಲ ತಮಗೆ ಗೊತ್ತಿಲ್ಲದೆ ಅವನ ಸ್ನೇಹಿತರಾದರು, ಸ್ಕ್ರಿಪ್ಟ್ ಅವರ ಪುಟಕ್ಕೂ ಅಂಟಿಕೊಳ್ತು. 20 ಗಂಟೆಯೊಳಗೆ 10 ಲಕ್ಷಕ್ಕೂ ಹೆಚ್ಚು ಜನ. ಮೈಸ್ಪೇಸ್ ‘ಜಾವಾಸ್ಕ್ರಿಪ್ಟ್’ ಅನ್ನೋ ಪದವನ್ನೇ ತಡೆದಿತ್ತು. ಅವನು ಆ ಪದವನ್ನ ನಡುವೆ ಮುರಿದು ಎರಡು ಸಾಲಿನಲ್ಲಿ ಬರೆದ. ಕೆಲವು ಬ್ರೌಸರ್ ಅದನ್ನ ಕೂಡಿಸಿಕೊಂಡು ಓದಿದವು. ಕೆಟ್ಟ ಪದಗಳ ಪಟ್ಟಿ ಮಾಡಿ ತಡೀತೀನಿ ಅನ್ನೋದು ಹೀಗೇ ಸೋಲುತ್ತೆ. ಅದರ ಬದಲು ತೋರಿಸುವಾಗ ಕೋನದ ಚಿಹ್ನೆಗಳನ್ನ ಬರೀ ಅಕ್ಷರವಾಗಿ ಮಾರ್ಪಡಿಸಿದರೆ, ಸ್ಕ್ರಿಪ್ಟ್ ಬರೆದವನ ಪುಟದಲ್ಲಿ ಅದು ಓಡೋ ಬದಲು ಓದೋಕೆ ಸಿಗೋ ಸಾಲಾಗಿ ಉಳಿಯುತ್ತೆ.

ಕಮಲ ಒಳಗೆ, ವಿಮಲಾ ಹೊರಗೆ

ಇನ್ನು ಕನ್ನಡದ ವಿಷಯ. ಹೆಸರಿನ ಖಾನೆಗೆ ‘ಎ ಇಂದ ಝಡ್ ವರೆಗೆ ಮಾತ್ರ’ ಅಂತ ನಿಯಮ ಹಾಕಿದರೆ ಕನ್ನಡ ಬರಲ್ಲ, ಅದು ಎಲ್ಲರಿಗೂ ಗೊತ್ತು. ಸ್ವಲ್ಪ ತಿಳಿದವರು ‘ಯಾವ ಭಾಷೆಯ ಅಕ್ಷರವಾದರೂ ಸರಿ’ ಅನ್ನೋ ಯೂನಿಕೋಡ್ ನಿಯಮ ಹಾಕ್ತಾರೆ. ಒಳ್ಳೇ ಉದ್ದೇಶ. ಆದರೆ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳು ‘ಅಕ್ಷರ’ ಅಲ್ಲ, ಅವು ‘ಗುರುತು’ ಅನ್ನೋ ಬೇರೆ ವರ್ಗ. ಪರಿಣಾಮ? ‘ಕಮಲ’ ಅನ್ನೋ ಹೆಸರಿನಲ್ಲಿ ಗುಣಿತ ಇಲ್ಲ, ಅದು ಒಳಗೆ ಹೋಗುತ್ತೆ. ‘ವಿಮಲಾ’ ಅನ್ನೋ ಹೆಸರಿನಲ್ಲಿ ಗುಡಿಸು ಇದೆ, ದೀರ್ಘ ಇದೆ. ಅದು ಹೊರಗೇ ನಿಲ್ಲುತ್ತೆ. ಪರೀಕ್ಷೆ ಮಾಡುವಾಗ ‘ಕಮಲ’ ಅಂತ ಟೈಪ್ ಮಾಡಿ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸಿರುತ್ತೆ. ನಿಯಮದಲ್ಲಿ ಗುರುತಿನ ವರ್ಗವನ್ನೂ ಸೇರಿಸಬೇಕು.

ಅದರ ಜೊತೆಗೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ. ‘ರಾಜ್‌ಕುಮಾರ್’ ಅಂತ ಬರೆಯೋಕೆ ‘ಜ್’ ಆದ ಮೇಲೆ ಒಂದು ಶೂನ್ಯ ಅಗಲದ ಚಿಹ್ನೆ ಬೇಕು. ಅದನ್ನ ಕಸ ಅಂತ ತಿಳಿದು ಸರ್ವರ್ ಗುಡಿಸಿ ಹಾಕಿದರೆ ಹೆಸರು ‘ರಾಜ್ಕುಮಾರ್’ ಆಗುತ್ತೆ, ‘ಕ’ ಒತ್ತಕ್ಷರವಾಗಿ ಕೆಳಗಿಳಿಯುತ್ತೆ.

ಉದ್ದದ ಮಿತಿ ನೋಡಿ. ‘ಕರ್ನಾಟಕ’ ಅನ್ನೋದು ನಮ್ಮ ಕಣ್ಣಿಗೆ 4 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ. ಬೈಟ್ ಲೆಕ್ಕದಲ್ಲಿ 21. ಪಿಎಚ್‌ಪಿಯ ಸಾಮಾನ್ಯ ಉದ್ದದ ಫಂಕ್ಷನ್ ಬೈಟ್ ಎಣಿಸುತ್ತೆ. ಹಾಗಾಗಿ ‘ವಿಳಾಸ 100ರ ಒಳಗಿರಲಿ’ ಅಂತ ನೀವು ಹಾಕಿದ ಮಿತಿ ಕನ್ನಡದಲ್ಲಿ ಬರೆದವರಿಗೆ 33 ಸಂಕೇತಕ್ಕೇ ಮುಗಿಯುತ್ತೆ. ಇಂಗ್ಲಿಷ್‌ನಲ್ಲಿ ಬರೆದವರಿಗೆ ಸಿಗೋ ಜಾಗದ ಮೂರನೇ ಒಂದು ಪಾಲು.

ಕನ್ನಡ ಅಂಕಿ ಇನ್ನೂ ತಮಾಷೆ. ವಯಸ್ಸಿನ ಜಾಗದಲ್ಲಿ ಯಾರೋ ‘೨೫’ ಅಂತ ಕನ್ನಡದಲ್ಲೇ ಬರೆದರು ಅನ್ನಿ. ಪೈಥಾನ್ ಅದನ್ನ ಸಂಖ್ಯೆಗೆ ಬದಲಾಯಿಸಿದರೆ 25 ಅಂತ ಸರಿಯಾಗಿ ಓದುತ್ತೆ. ಪಿಎಚ್‌ಪಿಯಲ್ಲಿ ನೇರವಾಗಿ ಪೂರ್ಣಾಂಕಕ್ಕೆ ಬದಲಾಯಿಸಿದರೆ 0 ಬರುತ್ತೆ. ಬೈಯೋದೂ ಇಲ್ಲ, ಎಚ್ಚರಿಸೋದೂ ಇಲ್ಲ. 25 ವರ್ಷದವರ ವಯಸ್ಸು 0 ಅಂತ ದಾಖಲಾಗುತ್ತೆ, ಅರ್ಜಿ ತಿರಸ್ಕಾರ ಆಗುತ್ತೆ. ಯಾಕೆ ಅಂತ ಅವರಿಗೆ ಎಂದಿಗೂ ಗೊತ್ತಾಗಲ್ಲ. ಹತ್ತು ಅಂಕಿಗಳನ್ನ ಮೊದಲು ಬದಲಾಯಿಸಿಕೊಳ್ಳೋದು ಒಂದು ಸಾಲಿನ ಕೆಲಸ.

ಹೆಸರಿನ ರಚನೆಯೂ ಅಷ್ಟೇ. ‘ಸರ್‌ನೇಮ್ ಕಡ್ಡಾಯ’ ಅಂತ ಇಟ್ಟರೆ, ಇನಿಷಿಯಲ್ ಮಾತ್ರ ಇರೋ ನಮ್ಮ ಲಕ್ಷಾಂತರ ಜನ ಏನು ಬರೀಬೇಕು? ಕೆಲವರು ಅಪ್ಪನ ಹೆಸರು ಹಾಕ್ತಾರೆ, ಕೆಲವರು ಊರಿನ ಹೆಸರು, ಕೆಲವರು ಬರೀ ಒಂದು ಚುಕ್ಕಿ. ಹೆಸರಿಗೆ ಒಂದೇ ಉದ್ದನೆಯ ಖಾನೆ ಕೊಟ್ಟರೆ ಸಾಕು. ಫೋನ್ ನಂಬರಿನಲ್ಲಿ ಖಾಲಿ ಜಾಗ ಇದ್ದರೆ, ಮುಂದೆ ಪ್ಲಸ್ 91 ಇದ್ದರೆ, ಅದನ್ನ ತೆಗೆಯೋದು ಕಂಪ್ಯೂಟರಿನ ಕೆಲಸ. ಮನುಷ್ಯರಿಗೆ ಬೈದು ಮತ್ತೆ ಬರೆಸೋದಲ್ಲ.

ಕೊನೆಯ ದಿನ, ರಾತ್ರಿ 11.50

ಇನ್ನೊಂದು ಮುಖ್ಯ ವಿಷಯ. ತಪ್ಪಿದ್ದರೆ ಹೇಗೆ ಹೇಳ್ತೀರಿ? 40 ಖಾನೆ ತುಂಬಿದ ಮೇಲೆ ಒಂದು ಪಿನ್‌ಕೋಡ್ ತಪ್ಪಿದ್ದಕ್ಕೆ ಇಡೀ ಫಾರ್ಮ್ ಖಾಲಿ ಮಾಡಿ ‘ಅಮಾನ್ಯ ಮಾಹಿತಿ’ ಅಂತ ವಾಪಸ್ ಕೊಡೋ ಪ್ರೋಗ್ರಾಂ ಇವತ್ತಿಗೂ ಇವೆ. ಅರ್ಜಿಯ ಕೊನೆಯ ದಿನ ರಾತ್ರಿ ಹತ್ತು ನಿಮಿಷ ಉಳಿದಿರುವಾಗ, ಸಿಗ್ನಲ್ ಎರಡು ಕಡ್ಡಿ ಇರೋ ಊರಲ್ಲಿ ಕೂತ ವಿದ್ಯಾರ್ಥಿಗೆ ಅದು ಒಂದು ವರ್ಷದ ಪ್ರಶ್ನೆ. ತುಂಬಿದ್ದನ್ನ ಹಾಗೇ ವಾಪಸ್ ತೋರಿಸಿ, ಯಾವ ಖಾನೆ, ಏನು ತಪ್ಪು, ಹೇಗೆ ಸರಿಮಾಡಬೇಕು ಅಂತ ಕನ್ನಡದಲ್ಲಿ ಹೇಳಿ. ಪಾಸ್‌ವರ್ಡ್ ಒಂದನ್ನ ಮಾತ್ರ ವಾಪಸ್ ತುಂಬಬೇಡಿ. ವಾಪಸ್ ತೋರಿಸುವಾಗಲೂ ಆ ಕೋನದ ಚಿಹ್ನೆಗಳ ನಿಯಮ ಮರೀಬೇಡಿ.

ಹಾಗೇ, ಎರಡು ಸಲ ಸಬ್‌ಮಿಟ್ ಆಗೋದು. ಚಕ್ರ ತಿರುಗ್ತಾನೇ ಇದೆ, ಜನ ಮತ್ತೆ ಒತ್ತುತ್ತಾರೆ. ಅದು ಸಹಜ. ‘ದಯವಿಟ್ಟು ಎರಡು ಸಲ ಒತ್ತಬೇಡಿ’ ಅಂತ ಬೋರ್ಡ್ ಹಾಕೋದು ಪರಿಹಾರ ಅಲ್ಲ. ಫಾರ್ಮ್ ತೋರಿಸುವಾಗಲೇ ಒಂದು ವಿಶಿಷ್ಟ ಟೋಕನ್ ಕೊಟ್ಟು, ಅದೇ ಟೋಕನ್ ಎರಡನೇ ಸಲ ಬಂದರೆ ಡೇಟಾಬೇಸ್ ಒಪ್ಪದ ಹಾಗೆ ಮಾಡಬಹುದು. ಕೆಲಸ ಮುಗಿದ ಮೇಲೆ ಬ್ರೌಸರನ್ನ ಬೇರೆ ಪುಟಕ್ಕೆ ಕಳಿಸಿಬಿಟ್ಟರೆ, ಅವರು ರಿಫ್ರೆಶ್ ಮಾಡಿದರೂ ಶುಲ್ಕ ಎರಡನೇ ಸಲ ಕಟ್ ಆಗಲ್ಲ.

ಕೊನೆಯದಾಗಿ, ಬೇಡದ್ದನ್ನ ಕೇಳಲೇಬೇಡಿ. ಕಾಲೇಜು ಹಬ್ಬದ ನೋಂದಣಿಗೆ ಆಧಾರ್ ನಂಬರ್ ಯಾಕೆ? ನಿಮ್ಮ ಹತ್ತಿರ ಇಲ್ಲದ ಮಾಹಿತಿಯನ್ನ ಯಾರೂ ಕದಿಯೋಕೆ ಆಗಲ್ಲ. ಪಾಸ್‌ವರ್ಡನ್ನ ಇದ್ದ ಹಾಗೆ ಇಡಬೇಡಿ, ಹ್ಯಾಶ್ ಮಾಡಿ ಇಡಿ. ಅದಕ್ಕೆಂದೇ ಫಂಕ್ಷನ್ ಪಿಎಚ್‌ಪಿಯಲ್ಲಿ 5.5 ಆವೃತ್ತಿಯಿಂದಲೇ ಇದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಅಂತಿದೆ. ಆದರೆ ದಂಡದ ಭಯಕ್ಕಿಂತ ಮುಂಚೆ ಒಂದು ಮಾತು ನೆನಪಿಡಿ: ಆ ಜೋಡಿ ಜೋಡಿ ಅಕ್ಷರಗಳ ಹಿಂದೆ ನಿಮ್ಮನ್ನ ನಂಬಿ ಬರೆದುಕೊಟ್ಟವರು ಇದ್ದಾರೆ.

ಕೋಡ್ ಬರೆಯೋರು ನಾಳೆ ಬೆಳಗ್ಗೆ ತಮ್ಮ ಪ್ರೋಗ್ರಾಂಗೆ ಮೂರು ಹೆಸರು ತುಂಬಿ ನೋಡಿ. ಇಂಗ್ಲಿಷ್‌ನಲ್ಲಿ ಡಿ’ಸೋಜ. ಕನ್ನಡದಲ್ಲಿ ವಿಮಲಾ. ಕನ್ನಡದಲ್ಲೇ ರಾಜ್‌ಕುಮಾರ್. ಮೂರೂ ಬರೆದ ಹಾಗೇ ಒಳಗೆ ಹೋಗಿ, ಬರೆದ ಹಾಗೇ ಹೊರಗೆ ಬಂದರೆ ಅರ್ಧ ಕೆಲಸ ಸರಿ ಇದೆ ಅಂತ ಅರ್ಥ. ಉಳಿದರ್ಧಕ್ಕೆ, ಹೆಸರನ್ನ ಎಸ್‌ಕ್ಯೂಎಲ್ ವಾಕ್ಯದೊಳಗೆ ನೇರವಾಗಿ ಅಂಟಿಸಿದ ಸಾಲು ನಿಮ್ಮ ಕೋಡ್‌ನಲ್ಲಿ ಎಲ್ಲಾದರೂ ಇದೆಯಾ ಅಂತ ಹುಡುಕಿ. ಹಳೇ ಪುಟಗಳನ್ನೂ ಬಿಡಬೇಡಿ.

ಕೋಡ್ ಬರೆಯದವರಿಗೆ ಒಂದೇ ಮಾತು. ಮುಂದಿನ ಸಲ ಫಾರ್ಮ್ ನಿಮ್ಮ ಹೆಸರನ್ನ ‘ಅಮಾನ್ಯ’ ಅಂದರೆ, ತಪ್ಪು ನಿಮ್ಮ ಹೆಸರಿನದ್ದಲ್ಲ. ಆ ಪುಟದ ಚಿತ್ರ ತೆಗೆದು, ದಿನಾಂಕ ಸಮೇತ ಅವರ ಸಹಾಯವಾಣಿಗೆ ದೂರು ಕೊಡಿ. ಯಾರೂ ಹೇಳದಿದ್ದರೆ ಆ ಸಾಲು ಹಾಗೇ ಉಳಿಯುತ್ತೆ.